ಮದುಮಗಳ ಮುಖಕ್ಕೆ ಎರಡು ಸೊನ್ನೆ

…ಅಲ್ಲ, ಇದೂ ಸರಿಯಾಗ್ಲಿಲ್ಲ. ಅಳಿಸಿ ಮತ್ತೆ ಮೊದಲಿಂದ ಹೇಳ್ತೀನಿ, ಬೇಜಾರು ಮಾಡ್ಕೋಬೇಡ ವಿನಯಾ. ಈ ವಾಯ್ಸ್ ಮೆಸೇಜಿಗೆ ಆಗ್ಲಿಂದ ಇದೇ ಆಯ್ತು. ಕ್ಷೇಮವಾ ಅಂತ ಶುರು ಮಾಡಿದ್ರೆ ಪೋಸ್ಟ್ ಕಾರ್ಡ್ ಓದಿದ ಹಾಗಾಗುತ್ತೆ, ಅಮ್ಮನ ಹೆಸರಿಂದ ಶುರು ಮಾಡಿದ್ರೆ ನೀನು ಅರ್ಧಕ್ಕೇ ನಿಲ್ಲಿಸ್ತೀಯ. ನಾನು ಕನ್ನಪ್ಪ. ನಂಬರ್ ನೋಡಿದ್ರೇ ಗೊತ್ತಾಗುತ್ತೆ, ಆದ್ರೂ ಹೇಳ್ದೆ. ಇವತ್ತು ಸೋಮವಾರ. ಹೊಸನಗರ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದೀನಿ, ಪಕ್ಕದಲ್ಲಿ ಬೆಡ್‌ಶೀಟ್ ಸುತ್ತಿದ ಹಲಗೆ. ಬಂದವರೆಲ್ಲ ಕೇರಂ ಬೋರ್ಡಾ ಅಂತ ಕೇಳ್ತಾರೆ. ಹೌದು ಅಂತೀನಿ.

ಅಮ್ಮ ತೀರಿಕೊಂಡು ವರ್ಷ ಆಯ್ತಲ್ಲ, ಅವಳ ಮಂಚ ಬಿಚ್ಚಿ ಬಿಸಿಲಿಗೆ ಹಾಕೋಣ ಅಂತ ಹೊರಟೆ. ಅದರ ಹಲಗೆ ನಿನಗೆ ನೆನಪಿರ್ಬೇಕು. ಅಪ್ಪ ಕಾರ್ಗಲ್‌ನಲ್ಲಿ ಕೆಲಸಕ್ಕಿದ್ದಾಗ ಮಿಷನ್ ಬಂದ ಪೆಟ್ಟಿಗೆ ಒಡೆದು ತಂದಿದ್ದು, ಮೇಲ್ಗಡೆ ಇಂಗ್ಲಿಷಲ್ಲಿ ಈ ಮಗ್ಗುಲು ಮೇಲೆ ಅಂತ ಬರೆದು ಬಾಣ ಹಾಕಿತ್ತಲ್ಲ, ಅದೇ. ತಿರುಗಿಸಿದ್ರೆ ಕೆಳಗಡೆ ತುಂಬ ಹಸೆ ಚಿತ್ತಾರ! ನಮ್ಮ ಕಡೆ ಮದುವೆಗೆ ಗೋಡೆ ಮೇಲೆ ಹೆಂಗಸರು ಬರೀತಾರಲ್ಲ, ಹಾಗೇ. ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ಬಿಳಿ ಗೆರೆ. ನಡುವೆ ದಂಡಿಗೆ, ಅದೇ ಪಲ್ಲಕ್ಕಿ, ಒಳಗೆ ಗಂಡು ಹೆಣ್ಣು.

ಮೊದಲು ಸಾಗರದಲ್ಲಿ ಫೋಟೋಗೆ ಕಟ್ಟು ಹಾಕೋ ರಾಮಚಂದ್ರಪ್ಪನ ಹತ್ರ ಒಯ್ದೆ. ಬಹಳ ಹಳೇದು ಮಾರಾಯ, ಕೆಳಗೆ ಹೆಸರೇನಾದ್ರೂ ಇದ್ಯಾ ನೋಡು ಅಂದ. ಇಬ್ಬರೂ ಟಾರ್ಚ್ ಬಿಟ್ಟು ಹುಡುಕಿದ್ವಿ, ಸಿಗ್ಲಿಲ್ಲ. ಇವತ್ತು ನಿಟ್ಟೂರಿಗೆ, ಅಮ್ಮನ ತಂಗಿ ಹಾಲಮ್ಮ ಚಿಕ್ಕಮ್ಮನ ಹತ್ರ ಒಯ್ದಿದ್ದೆ. ಹೆಸರು ಹುಡುಕಿದ್ದು ಹೇಳಿದ್ದಕ್ಕೆ ಎಲೆಅಡಿಕೆ ಉಗುಳಿ ಬಂದು ನಕ್ಕಳು. "ಹಸೆಗೆ ಯಾರಾದ್ರೂ ಸೈನ್ ಹಾಕ್ತಾರೇನಾ, ಅದೇನು ಬ್ಯಾಂಕ್ ಚೆಕ್ಕಾ?"

ಆಮೇಲೆ ಹತ್ತಿರದಿಂದ ನೋಡಿದಳು. ನಗು ನಿಂತೋಯ್ತು. "ಇದು ಅಕ್ಕನ ಕೈ. ಎಡಗೈಯವಳು, ಅವಳ ಗೆರೆ ಯಾವಾಗ್ಲೂ ಈ ಕಡೆ ವಾಲ್ತದೆ. ಆದ್ರೆ ಯಾರ ಮದುವೆಗಾ ಬರೆದಿದ್ದು? ನಿನ್ನ ಮದುವೆ ಹೊತ್ತಿಗೆ ಪುಂಡಿನಾರಿನ ಕುಂಚನೆಲ್ಲ ಒಲೆಗೆ ಹಾಕ್ತೀನಿ ಅಂತಿದ್ಲಲ್ಲ."

ನಿನಗೆ ಗೊತ್ತಿರೋದೇ. ನಮ್ಮದು ರಿಜಿಸ್ಟ್ರಾರ್ ಆಫೀಸಿನ ಮದುವೆ, ನಿಮ್ಮನೆಯವರೂ ಬರ್ಲಿಲ್ಲ, ಅಮ್ಮನೂ ಬರ್ಲಿಲ್ಲ. ಬೇರೆ ಜಾತಿ ಹುಡುಗಿಗೆ ನಾನು ಹಸೆ ಬರೆಯಲ್ಲ ಅಂದಿದ್ದಳು. ತೀರ್ಥಹಳ್ಳಿಗೆ ಹೊರಟ ದಿನ ನೀನು ಅದನ್ನೇ ಹೇಳಿದೆ. ಇಷ್ಟು ವರ್ಷದಲ್ಲಿ ನನಗೋಸ್ಕರ ಒಂದು ಗೆರೆ ಎಳೆದವರಿಲ್ಲ, ಬಾಡಿಗೆಗೆ ಇದ್ದ ಹಾಗೆ ಇದ್ದೆ ಅಂತ. ಬಾಗಿಲಲ್ಲಿ ನಿಮ್ಮ ಮಾತಲ್ಲಿ "ಬತ್ತೆ" ಅಂದೆ. ಹೋಗ್ತೀನಿ ಅಂತಾನೋ, ವಾಪಸ್ ಬರ್ತೀನಿ ಅಂತಾನೋ, ನಂಗೆ ಇವತ್ತಿಗೂ ಗೊತ್ತಾಗಿಲ್ಲ. ಕೇಳೋಕೆ ಮನೇಲಿ ಯಾರಿದ್ದಾರೆ? ನಾನು ಮಾತಾಡಿದ್ರೆ ಕುಕ್ಕರ್ ಒಂದೇ ಉತ್ತರ ಕೊಡೋದು.

ಹಾಂ, ಚಿಕ್ಕಮ್ಮ. ಬೆರಳಿಟ್ಟು ತೋರಿಸಿದಳು. "ಎಂತದಾ ಇದು, ಮದುಮಗಳ ಮುಖಕ್ಕೆ ಎರಡು ಸೊನ್ನೆ ಇಟ್ಟಾಳೆ? ಗೂಬೆ ಮರಿಯಾ?"

ನಾನು ಅದನ್ನ ಹುಳ ತಿಂದ ತೂತು ಅಂದ್ಕೊಂಡಿದ್ದೆ. ಬಗ್ಗಿ ನೋಡಿದೆ ವಿನಯಾ. ಎರಡು ಸೊನ್ನೆ, ನಡುವೆ ಕೂದಲೆಳೆಯಷ್ಟು ಗೆರೆ. ಕನ್ನಡಕ! ನಮ್ಮ ಮನೆತನದಲ್ಲಿ ಕನ್ನಡಕ ಹಾಕಿದ ಮದುಮಗಳು ಇನ್ಯಾರಿದ್ದಾರೆ ಹೇಳು? ನೀನು ಮೊದಲ ಸಲ ಮನೆಗೆ ಬಂದಾಗ ದಪ್ಪ ಗ್ಲಾಸು ಹಾಕಿದ್ದೆ. ಅಮ್ಮ ಒಲೆ ಮುಂದಿಂದ ಏಳಲೇ ಇಲ್ಲ. ಆದ್ರೆ ನೋಡಿದ್ದಳು.

ಚಿಕ್ಕಮ್ಮನಿಗೆ ಹೇಳದೆ ಎದ್ದೆ. ಹೊರಗೆ ಹೋಗಿ ಸುಮ್ನೆ ಕಾಲು ತೊಳ್ಕೊಂಡೆ. ಬಂದಾಗ ಅವಳೇ ಎಲ್ಲ ಅರ್ಥ ಮಾಡ್ಕೊಂಡು ಕೂತಿದ್ದಳು. "ಇದ್ರ ಮುಂದೆ ನಿಮ್ಮನ್ನ ಕೂರಿಸಿ ಆರತಿ ಎತ್ತಿದ್ಲನಾ?" ಇಲ್ಲ ಅಂದೆ. "ಹಂಗಾರೆ ನಿಂದು ಇನ್ನೂ ಮದುವೆ ಆಗಿಲ್ಲ ಬಿಡು, ಹುಡುಗಿ ನೋಡ್ಬೇಕು."

"ನನ್ನ ಚಿತ್ರ ಮಂಚದಡಿ ಹಾಕ್ಕೊಂಡು ಅದರ ಮೇಲೇ ಮಲಗಿದ್ಲು" ಅಂತ ನೀನು ಹೇಳಬಹುದು. ಇರಬಹುದು. ನಾನು ಅಮ್ಮನ ಪರ ವಕಾಲತ್ತಿಗೆ ಬಂದಿಲ್ಲ. ಆದ್ರೆ ಗೋಡೆ ಮೇಲೆ ಬರೆದಿದ್ರೆ ಮುಂದಿನ ಸಲ ಮಣ್ಣು ಬಳಿಯುವಾಗ ಅಳಿಸಿ ಹೋಗ್ತಿತ್ತು. ಇದು ಅಳಿಸಿಲ್ಲ. ಇಷ್ಟನ್ನ ನಿನಗೆ ಹೇಳದೆ ಇನ್ಯಾರಿಗೆ ಹೇಳ್ಲಿ? ವಾಪಸ್ ಬಾ ಅಂತಾನೂ ಅಲ್ಲ. ಒಂದು ಸಲ ನೋಡು, ಅಷ್ಟೇ.

ಸರಿ, ಇನ್ನು ಸಾಗರದ ಬಸ್ ಹಿಡಿದು ಮನೆಗೆ ಹೋಗ್ತೀನಿ. ಕೇಳದೆ ಬರಬೇಡ ಅಂದಿದ್ದೀಯ, ಬರಲ್ಲ. ಫೋಟೋ ಕಳಿಸ್ತೀನಿ.

ಇಂತಿ ನಿನ್ನ, ಅಂತ ಬಾಯಲ್ಲಿ ಹೇಳೋದು ಹೇಗೋ ಏನೋ, ಕನ್ನಪ್ಪ.

ಹಾಂ, ಮರೆತಿದ್ದೆ. ಫೋಟೋದಲ್ಲಿ ಆ ಕನ್ನಡಕದ ಗೆರೆ ಕಾಣಲ್ಲ ವಿನಯಾ, ಐದಾರು ಸಲ ತೆಗೆದು ನೋಡಿದೆ. ಹತ್ತಿರದಿಂದ ನೋಡಿದ್ರೆ ಮಾತ್ರ… ಏನ್ರೀ? ಹೌದು, ಹಲಗೆ ನಂದೇ. ಏನು, ತೀರ್ಥಹಳ್ಳಿ ಬಸ್ಸು ಬಿಡ್ತಾ? ಮೇಲೆ ಹಾಕ್ಬೇಡಿ ಕಂಡಕ್ಟ್ರೇ, ಟಿಕೆಟ್ ಬೇಕಾದ್ರೆ ಎರಡು ಕೊಡಿ, ತೊಡೆ ಮೇಲೇ ಇಟ್ಕೊತೀನಿ… ಬಂದೆ, ಬಂದೆ! ಇಡ್ತೀನಿ ವಿನಯಾ.