ಲೆನ್ಸಿಗೆ ಹಿಡಿಯುವ ರಟ್ಟು

ಮಾರ್ಚ್ 11, ಮಂಗಳವಾರ

ಪ್ರೀತಿಯ ಬಾಲ್ಕನಿ,

ರಷ್ಯನ್ ಚಿತ್ರವನ್ನು ಈ ಶನಿವಾರ ತೋರಿಸುವುದೆಂದು ನಮ್ಮ ಚಿತ್ರ ಸಂಘದ ಸಮಿತಿ ನಿನ್ನೆ ಸಂಜೆ ತೀರ್ಮಾನಿಸಿದೆ. ಆದರೆ ಅದರ ಬಗ್ಗೆ ಮಾತಾಡುವವಳು ನಾನಲ್ಲ. ಸುದ್ದಿ ತಂದವನು ನಮ್ಮ ಪ್ರೊಜೆಕ್ಟರ್ ಆಪರೇಟರ್. ಬೆಳಿಗ್ಗೆ ಬಾಗಿಲಲ್ಲೇ ನಿಂತು, "ಅಕ್ಕ, ಮೊದಲು ಒಂದು ಲೋಟ ನೀರು ಕೊಡಿ, ಆಮೇಲೆ ಬೈಯಿರಿ" ಎಂದ.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಕ್ಷಮಿಸು. ನಮ್ಮ ಪತ್ರಿಕೆಯಲ್ಲಿ ಸ್ಥಳೀಯ ಪುಟ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದರು, ಅದೂ ನನ್ನ ತಲೆಗೇ ಬಿತ್ತು. ಮಗಳ ಕೈಯ ಪ್ಲಾಸ್ಟರ್ ಬಿಚ್ಚಿದರೇ? ಟಾಕೀಸಿನಲ್ಲಿ ನನ್ನನ್ನು ಮುಂದಿನ ಸಾಲಲ್ಲೇ ಬಿಟ್ಟು, ಕೆಳಗಿನ ಟಿಕೆಟ್ ಹಿಡಿದು ಬಾಲ್ಕನಿಗೇ ಹತ್ತುತ್ತಿದ್ದ ತಾಯಿಯ ಮಗಳು, ಬೀಳದೆ ಇರುತ್ತಾಳೆಯೇ?

ಇಲ್ಲಿ ನಡೆದದ್ದರಲ್ಲಿ ನಿನಗೆ ಎಷ್ಟು ಗೊತ್ತೋ ನನಗೆ ತಿಳಿಯದು. ಮೊದಲಿನಿಂದಲೇ ಹೇಳುತ್ತೇನೆ.

ಚಿತ್ರ ಆರಿಸಿದವರೇ ಪರದೆಯ ಮುಂದೆ ನಿಂತು ಐದು ನಿಮಿಷ ಮಾತಾಡಬೇಕು. ನಾವಿಬ್ಬರೂ ಸೇರಿ ಸಂಘ ಕಟ್ಟಿದಾಗ ನೀನೇ ಹಾಕಿದ ನಿಯಮ ಇದು. ಈ ಚಿತ್ರ ಆರಿಸಿದವಳು ನಾನು. ಒಬ್ಬ ಬಾಡಿಗೆ ಕೊಲೆಗಾರ, ಅವನಿಗೊಬ್ಬ ಅಕ್ಕ. ಅವಳು ಜೈಲಿಗೆ ಗಟ್ಟಿ ಸಿಪ್ಪೆಯ ಬ್ರೆಡ್ ಒಯ್ಯುತ್ತಾಳೆ. ಒಳಗೇನಾದರೂ ಅಡಗಿಸಿದ್ದಾಳೆಯೇ ಎಂದು ಕಾವಲುಗಾರ ಅದನ್ನು ತುಂಡುತುಂಡಾಗಿ ಮುರಿಯುತ್ತಾನೆ. ಅವಳು ಮೇಜಿನ ಮೇಲಿನ ಚೂರುಗಳನ್ನೆಲ್ಲ ಅಂಗೈಯಲ್ಲಿ ಬಳಿದು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಅವರ ದೇಶದ ಪತ್ರಿಕೆಗಳು ಕಿಡಿಕಾರಿದ್ದು ಕೊಲೆಗಳಿಗಲ್ಲ, ಈ ದೃಶ್ಯಕ್ಕೆ. ಕೊಲೆಗಾರನ ಮನೆಯವರ ಮೇಲೆ ಕನಿಕರ ಹುಟ್ಟಿಸುತ್ತದೆಯಂತೆ.

ಕಳೆದ ವಾರದ ಸಭೆಯಲ್ಲಿ ಅಧ್ಯಕ್ಷರಾದ ಹಲ್ಲಿನ ಡಾಕ್ಟರೂ ಅದನ್ನೇ ಹೇಳಿದರು. "ಸತ್ತವನ ತಾಯಿ ಬಂದು ನಮ್ಮ ಹಾಲ್ ಒಳಗೆ ಕೂತಿದ್ರೆ ಏನು ಹೇಳ್ತೀರಮ್ಮ?"

ಪ್ರಶ್ನೆ ನ್ಯಾಯವಾದದ್ದೇ. "ಅವರಿಗೂ ಪೂರ್ತಿ ತೋರಿಸ್ತೀನಿ. ಬೈದ್ರೆ ಬೈಸಿಕೊಳ್ತೀನಿ" ಎಂದೆ.

"ಪೋಸ್ಟರಲ್ಲಿ ಒಂದು ದೊಡ್ಡ ಪಿಸ್ತೂಲು ಹಾಕ್ರೀ" ಎಂದು ಬಟ್ಟೆ ಅಂಗಡಿ ಇಟ್ಟಿರುವ ಸಂಘದ ಖಜಾಂಚಿ ನಡುವೆ ಬಾಯಿ ಹಾಕಿದರು. "ಬ್ರೆಡ್ ನೋಡೋಕೆ ಯಾರು ಬರ್ತಾರೆ?" ಎಲ್ಲರೂ ನಕ್ಕೆವು. ಮುಂದಿನ ಬುಧವಾರ ತೀರ್ಮಾನಿಸೋಣ ಎಂದು ಎದ್ದೆವು.

ಬುಧವಾರದವರೆಗೆ ಅವರು ಕಾಯಲಿಲ್ಲ. ಸೋಮವಾರ ಸಂಜೆ ನಾನು ಕಚೇರಿ ಬಿಟ್ಟು ಏಳುವ ಹಾಗಿಲ್ಲ, ಅದು ಎಲ್ಲರಿಗೂ ಗೊತ್ತು. ಸೋಮವಾರವೇ ಸೇರಿದರು. ನನಗೆ ಯಾರೂ ಹೇಳಲಿಲ್ಲ.

ಆಪರೇಟರ್ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಡಾಕ್ಟರು ಸಿಟ್ಟಲ್ಲಿ ಏನೂ ಅನ್ನಲಿಲ್ಲ ಅಕ್ಕ. ಮರುಕದಿಂದ್ಲೇ ಹೇಳಿದ್ರು. 'ಆಯಮ್ಮನ ತಮ್ಮ ಅವರು ಹೇಳೋ ಹಾಗೆ ಹಡಗಲ್ಲಿ ಕೆಲಸಕ್ಕಿಲ್ವಂತೆ, ಕೊಲೆ ಕೇಸಲ್ಲಿ ಜೈಲಲ್ಲಿದ್ದಾನಂತೆ. ಪಾಪ, ತಿಂಗಳಿಗೊಮ್ಮೆ ಹೋಗಿ ಬರ್ತಾರಂತೆ. ಒಯ್ದ ಸೋಪಿಗೂ ಸೂಜಿ ಚುಚ್ಚಿ ನೋಡ್ತಾರಂತೆ. ಅಂಥವರ ಕೈಲಿ ಈ ಚಿತ್ರದ ಬಗ್ಗೆ ಮಾತಾಡಿಸೋದು ಸರಿಯಲ್ಲ' ಅಂದ್ರು."

ನಿಜವೇ ಎಂದು ಅವನು ಕೇಳಲಿಲ್ಲ. ಲೋಟವನ್ನು ತಾನೇ ತೊಳೆದು ಕವುಚಿಟ್ಟ.

ಪೋಸ್ಟರಿನಲ್ಲಿ 'ಅಪರಾಧದ ದಾರಿ: ಯುವಜನರಿಗೊಂದು ಎಚ್ಚರಿಕೆ' ಎಂದು ಅಚ್ಚಾಗಲಿದೆ. ಪಿಸ್ತೂಲೂ ಇದೆ. ಬ್ರೆಡ್ಡಿನ ದೃಶ್ಯವನ್ನು ಮಾತ್ರ ತೋರಿಸುವುದಿಲ್ಲ. ಚಿತ್ರವನ್ನು ಕತ್ತರಿಸಬಾರದೆಂದು ಕಳಿಸಿದವರ ಕರಾರು, ಹಾಗಾಗಿ ನಮ್ಮ ಹಳೆಯ ಉಪಾಯ: ಆ ದೃಶ್ಯ ಮುಗಿಯುವವರೆಗೆ ಆಪರೇಟರ್ ಲೆನ್ಸಿನ ಮುಂದೆ ರಟ್ಟು ಹಿಡಿಯಬೇಕು.

"ರಟ್ಟಿಗೆ ಬೆಳಕು ನಿಲ್ಲುತ್ತೆ, ಸದ್ದು ನಿಲ್ಲುತ್ತಾ ಅಕ್ಕ?" ಎಂದ ಹೊರಡುವಾಗ. "ಬ್ರೆಡ್ ಮುರಿಯೋದು ಕತ್ತಲಲ್ಲಿ ಎಲ್ರಿಗೂ ಕೇಳ್ಸುತ್ತೆ. ಅದನ್ನ ಯಾರೂ ಯೋಚ್ನೆ ಮಾಡಿಲ್ಲ. ನಾನೂ ಹೇಳಿಲ್ಲ."

ಐದು ನಿಮಿಷದ ಮಾತಿಗೆ ಬೇರೆಯವರನ್ನು ಒಪ್ಪಿಸಿದ್ದಾರೆ.

ಅಮ್ಮ ಚೆನ್ನಾಗಿದ್ದಾಳೆ, ನಿನ್ನನ್ನು ಕೇಳುತ್ತಿರುತ್ತಾಳೆ. ಯಜಮಾನರಿಗೆ ನಮಸ್ಕಾರ ತಿಳಿಸು. ಮಗಳಿಗೆ ನನ್ನ ಆಶೀರ್ವಾದ. ಕೈ ಬೇಗ ಗಟ್ಟಿಯಾಗಲಿ, ಮತ್ತೆ ಮರ ಹತ್ತಲಿ.

ಇಂತು ನಿನ್ನ,
ಮುಂದಿನ ಸಾಲು

ಮರೆತ ಮಾತು: ತಮ್ಮನ ಕೇಸು ಕೋರ್ಟಿನಲ್ಲಿ ನಡೆದದ್ದು, ಯಾರೋ ಎಲ್ಲೋ ಓದಿರಬಹುದು ಎಂದು ಮಧ್ಯಾಹ್ನದವರೆಗೂ ಸಮಾಧಾನ ಮಾಡಿಕೊಂಡೆ. ಆದರೆ ಸೋಪಿನ ವಿಷಯ ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಅಮ್ಮನಿಗೂ ಅದನ್ನು ಹೇಳಿಲ್ಲ. ನೀನು ಈ ಊರು ಬಿಟ್ಟ ದಿನ, ಸ್ಟೇಷನ್ನಿನ ಬೆಂಚಿನ ಮೇಲೆ, ನಿನಗೊಬ್ಬಳಿಗೆ ಹೇಳಿದ್ದೆ. ನೀನು ನನ್ನ ಕೈ ಹಿಡಿದುಕೊಂಡಿದ್ದೆ. ಇವತ್ತು ಮಧ್ಯಾಹ್ನ ನಾನೇ ಡಾಕ್ಟರಿಗೆ ಫೋನ್ ಮಾಡಿ, ನನ್ನ ಬದಲು ಮಾತಾಡುವವರು ಯಾರು ಎಂದು ಕೇಳಿದೆ. ಹೇಳಿದರು. ಶನಿವಾರ ನಿನ್ನ ರೈಲು ಐದು ಗಂಟೆಗೆ ಬರುತ್ತದೆ, ಖಜಾಂಚಿ ಕರೆತರಲು ಬರುತ್ತಾರೆ. ನಿನ್ನ ಮಾತು ಆರೂವರೆಗೆ. ಅದು ಮುಗಿದ ಕೂಡಲೇ ಚಿತ್ರ. ನಾನು ಮುಂದಿನ ಸಾಲಿನಲ್ಲಿರುತ್ತೇನೆ.