ಲೂಪೆ ಹೇಳಿದ ಮಾತು

ಅತ್ತೆಯವರಿಗೆ,

ನಿಮ್ಮ ಗೋರಿ ನಮ್ಮ ಬಾಗಿಲಿಗೆ ಹತ್ತು ಹೆಜ್ಜೆ. ಎದ್ದು ಬಂದು ಪಕ್ಕದಲ್ಲಿ ಕೂತು ಎಲ್ಲವನ್ನೂ ಬಾಯಿಬಿಟ್ಟೇ ಹೇಳಬಹುದಿತ್ತು. ಆದರೆ ನಿಮ್ಮ ಮಗ ಮಲೆಕೊ ಅಂಗಳದಲ್ಲಿ ಬಸ್ಸು ತೊಳೆಯುತ್ತಿದ್ದಾನೆ, ಲೂಪೆ ಅವನಿಗೆ ನೀರು ಹೊತ್ತು ಕೊಡುತ್ತಿದ್ದಾಳೆ. ಅವರಿಬ್ಬರ ಕಿವಿಗೆ ಬೀಳಬಾರದ ವಿಷಯ ಇದು. ಅದಕ್ಕೇ ಈ ಕಾಗದ. ನೀವು ಬದುಕಿದ್ದಾಗ ನಾನು ನಿಮಗೊಂದು ಸಾಲು ಬರೆದವಳಲ್ಲ. ಬರೆದಿದ್ದರೆ ಭಾನುವಾರದ ಊಟದ ಹೊತ್ತಿಗೆ ಅದನ್ನು ಎಲ್ಲರಿಗೂ ಓದಿ ಹೇಳಿ ನಗುತ್ತಿದ್ದಿರಿ.

ಲೂಪೆಗೆ ಒಂದೂವರೆ ವರ್ಷವಾದಾಗ ನಾನು ಮೊದಲ ಸಲ ಕ್ವೀನ್ಸ್‌ಲ್ಯಾಂಡಿನ ತೋಟಕ್ಕೆ ದಪ್ಪ ಮೆಣಸಿನಕಾಯಿ ಕೀಳಲು ಹೋದೆ. ಮನೆಗೆ ಗೋಡೆ ಎದ್ದಿತ್ತು, ಛಾವಣಿ ಇರಲಿಲ್ಲ. ಹೋಗು ಎಂದವರು ನೀವೇ. ಮಗು ನಿಮ್ಮ ಮಡಿಲಲ್ಲಿ ಉಳಿಯಿತು. ಮಾತು ಕಲಿತಾಗ ನಿಮ್ಮನ್ನು ಅಮ್ಮ ಎಂದಿತು, ನನ್ನನ್ನು ವಾಯೊಲಾ ಎಂದಿತು. ನಮ್ಮ ದ್ವೀಪದಲ್ಲಿ ಇದು ಹೊಸದಲ್ಲ, ಅಜ್ಜಿಯ ಕೈಯಲ್ಲಿ ಬೆಳೆದ ಮಕ್ಕಳೆಲ್ಲ ಹೀಗೇ ಕರೆಯುತ್ತವೆ. ನಾನು ಕೂಡ ಹೆತ್ತವಳನ್ನು ಹೆಸರು ಹಿಡಿದೇ ಕರೆದವಳು. ಆದರೂ ಪ್ರತಿ ವರ್ಷ ಒಂಬತ್ತು ತಿಂಗಳು, ಮೂರು ವರ್ಷ, ಆ ಹೆಸರು ಫೋನಿನಲ್ಲಿ ಕೇಳಿದಾಗಲೆಲ್ಲ ಯಾರೋ ಪಕ್ಕದ ಮನೆಯವಳನ್ನು ಕರೆದ ಹಾಗೆ ಅನ್ನಿಸುತ್ತಿತ್ತು.

ಭಾನುವಾರ ಇಗರ್ಜಿ ಮುಗಿದು ಊಟವಾದ ಮೇಲೆ ನೀವೆಲ್ಲ ಫೋನಿನ ಪರದೆಯ ಎದುರು ಕೂರುತ್ತಿದ್ದಿರಿ. ಅತ್ತ ಕಡೆ ನಾನು ತಗಡಿನ ಕೋಣೆಯಲ್ಲಿ ಇನ್ನೂ ಐದು ಹೆಂಗಸರ ನಡುವೆ ಮಂಚದ ಮೇಲೆ ಕೂತಿರುತ್ತಿದ್ದೆ. ಲೂಪೆಯ ಮಾತು ಕೇಳಲೆಂದೇ ಅವರೂ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಮೊದಮೊದಲು ಅವು ಅವಳದೇ ಮಾತುಗಳು. "ವಾಯೊಲಾ, ಫೋನೊಳಗೆ ಕಕ್ಕಸು ಎಲ್ಲಿದೆ?" ಎಂದು ಒಂದು ಸಲ ಕೇಳಿದಳು. ಇನ್ನೊಂದು ಸಲ ಮಲೆಕೊನ ಹೊಟ್ಟೆ ಮುಟ್ಟಿ ನೋಡಿ, ಇದರೊಳಗಿರೋದು ಗಂಡಾ ಹೆಣ್ಣಾ ಎಂದಳಂತೆ. ದೇವರು ಎಲ್ಲ ಕಡೆ ಇದ್ದಾನೆ ಎಂದು ಪಾದ್ರಿಗಳು ಹೇಳಿದ್ದಕ್ಕೆ, "ಹಂದಿಗೂಡಲ್ಲೂ ಇದಾನಾ? ಪಾಪ" ಎಂದಳಂತೆ. ವಾರವಿಡೀ ಮೆಣಸಿನ ಸಾಲುಗಳ ನಡುವೆ ಬಗ್ಗಿಕೊಂಡು ನಾನು ಅದನ್ನು ನೆನೆದು ನಗುತ್ತಿದ್ದೆ. ಬೆನ್ನು ನೋವು ತಿಳಿಯುತ್ತಿರಲಿಲ್ಲ.

ಆಮೇಲೆ ಮಾತಿನ ರುಚಿ ಬದಲಾಯಿತು. ಅವಳಿಗೆ ನಾಲ್ಕು ತುಂಬಿತ್ತು. ಒಂದು ಭಾನುವಾರ ಫೋನಿನ ಎದುರು ನೆಟ್ಟಗೆ ನಿಂತು, "ವಾಯೊಲಾ, ನಮ್ಮ ಹಂದಿ ಏಳು ಮರಿ ಹಾಕಿದೆ. ಅದು ಮರಿ ಬಿಟ್ಟು ಎಲ್ಲೂ ಹೋಗಿಲ್ಲ" ಎಂದಳು. ನಿಮ್ಮ ಮನೆ ತುಂಬ ನಗು. ನನ್ನ ಕೋಣೆಯ ಹೆಂಗಸರೂ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ನನ್ನ ಮುಖ ನೋಡಿದರು. ಅವರು ನೋಡುತ್ತಿದ್ದಾರೆಂದು ನಾನೂ ನಕ್ಕೆ. ಮಗು ತಾನೇ, ಕಂಡದ್ದನ್ನು ಹೇಳಿತು ಎಂದುಕೊಂಡೆ. ಮುಂದಿನ ವಾರ ಅವಳು ಇನ್ನೊಂದು ಮಾತು ಹೇಳಬೇಕಿತ್ತು, ನಡುವೆ ಮರೆತಳು. ಬಾಯಿ ತೆರೆದುಕೊಂಡು ಪಕ್ಕಕ್ಕೆ ನೋಡಿದಳು. ಪರದೆಯ ಅಂಚಿನಲ್ಲಿ ನಿಮ್ಮ ಬೀಸಣಿಗೆಯ ತುದಿ ಕಾಣುತ್ತಿತ್ತು, ಅದು ನಿಂತಿತು. "ಅಮ್ಮಂದಿರು ಅಂಗಡೀಲಿ ಸಿಗಲ್ಲ, ಅಂತ ಹೇಳು" ಎಂದು ನಿಮ್ಮ ಪಿಸುಮಾತು ಕೇಳಿಸಿತು. ಅವಳು ಹೇಳಿದಳು. ಬೀಸಣಿಗೆ ಮತ್ತೆ ಆಡಿತು.

ಅಂದಿನಿಂದ ಊರಿಗೆ ಬರುವವರೆಗೆ ಪ್ರತಿ ಭಾನುವಾರವೂ ಒಂದು ಮಾತು ಬಂತು. ಪ್ರತಿಯೊಂದಕ್ಕೂ ನಾನು ನಕ್ಕೆ. ಮಲೆಕೊನನ್ನು ಕೇಳಿದರೆ, "ಮಕ್ಕಳು ಕಣೆ, ಏನೇನೋ ಹೇಳ್ತಾವೆ" ಎಂದ. ನಿಮ್ಮ ಎದುರು ನಿಮ್ಮ ಮಗ ಯಾವತ್ತು ಒಂದು ಮಾತು ಆಡಿದ್ದಾನೆ?

ಮೂರನೆಯ ವರ್ಷ ನಾನು ಹಡಗಿನಿಂದ ಇಳಿದಾಗ ನೀವು ಲೂಪೆಯ ಕೈ ಹಿಡಿದು ದಕ್ಕೆಯ ಮೇಲೆ ನಿಂತಿದ್ದಿರಿ. ಅವಳಿಗೆಂದು ತಂದ ಕೆಂಪು ಚಪ್ಪಲಿಯನ್ನು ನಾನು ಚೀಲದಲ್ಲಿ ಮೇಲೇ ಇಟ್ಟುಕೊಂಡಿದ್ದೆ. ಅವಳು ಚಪ್ಪಲಿ ಹಾಕಿಕೊಂಡಳು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ನಿಮ್ಮ ಕಡೆ ತಿರುಗಿ ಕೇಳಿದಳು.

"ಅಮ್ಮ, ಇವಳು ವಾಪಸ್ ಯಾವಾಗ ಹೋಗ್ತಾಳೆ?"

ಇದನ್ನು ನೀವು ಹೇಳಿಕೊಟ್ಟಿರಲಿಲ್ಲ. ನಿಮ್ಮ ಮುಖದಲ್ಲೇ ಅದು ಗೊತ್ತಾಯಿತು, ನಿಮಗೂ ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ದಕ್ಕೆಯ ಮೇಲಿದ್ದವರೆಲ್ಲ ನಕ್ಕರು, ನೀವು ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕಿರಿ.

ಲೂಪೆ ನಿಮ್ಮ ಚಾಪೆಯಲ್ಲೇ ಮಲಗುತ್ತಿದ್ದಳು. ನಾನು ಕರೆದರೆ ಬರುತ್ತಿರಲಿಲ್ಲ. ದೊಡ್ಡವಳಾದರೂ ಇನ್ನೂ ಹಾಸಿಗೆ ಒದ್ದೆ ಮಾಡುತ್ತಾಳೆ, ಅದಕ್ಕೇ ನನ್ನ ಹತ್ತಿರ ಇರಲಿ ಎಂದು ನೀವು ಎಲ್ಲರಿಗೂ ಹೇಳುತ್ತಿದ್ದಿರಿ. ಬೀದಿಯ ಮಕ್ಕಳು ಅವಳನ್ನು ಉಚ್ಚೆಲೂಪೆ ಎನ್ನುತ್ತಿದ್ದರು. ಅವಳು ನಾನಲ್ಲ ನಾನಲ್ಲ ಎಂದು ಅಳುತ್ತ ಬಂದರೆ ನೀವು ಮಡಿಲಿಗೆ ಎಳೆದುಕೊಂಡು, ಪರವಾಗಿಲ್ಲ ಪುಟ್ಟಾ, ಎಲ್ಲರಿಗೂ ಆಗತ್ತೆ ಎಂದು ಸಮಾಧಾನ ಮಾಡುತ್ತಿದ್ದಿರಿ.

ಸೆಪ್ಟೆಂಬರಿನ ಒಂದು ಬೆಳಗ್ಗೆ ನಾನು ಬೇಗ ಎದ್ದು ಹಿತ್ತಲಿನ ನಲ್ಲಿಗೆ ಹೋದೆ. ನೀವು ಅಲ್ಲಿ ಕುಕ್ಕರಗಾಲಲ್ಲಿ ಕೂತು ನಿಮ್ಮದೇ ಸೊಂಟದ ಬಟ್ಟೆ ಒಗೆಯುತ್ತಿದ್ದಿರಿ. ಒದ್ದೆ ಚಾಪೆ ಪಕ್ಕದಲ್ಲಿತ್ತು. ಲೂಪೆ ಒಳಗೆ ಒಣ ಬಟ್ಟೆಯಲ್ಲೇ ಮಲಗಿದ್ದಳು, ನಾನು ಆಗಷ್ಟೇ ನೋಡಿ ಬಂದಿದ್ದೆ. ನನ್ನ ಹೆಜ್ಜೆ ಕೇಳಿ ನೀವು ತಲೆ ಎತ್ತಿದಿರಿ. ಹೆಂಗಸರ ಸಂಘಕ್ಕೆ ಹಿರಿಯರು, ಇಗರ್ಜಿಯಲ್ಲಿ ಮೊದಲ ಸಾಲಿನಲ್ಲಿ ಬಿಳಿ ಹ್ಯಾಟು ಹಾಕಿ ಕೂರುವವರು, ಊರಿನ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದವರು ನೀವು, ನನ್ನ ಎದುರು ಒದ್ದೆ ಕೈ ಮುಗಿದಿರಿ.

"ವಾಯೊಲಾ, ನನ್ನ ಮಗಳೇ. ಇದು ನಿನ್ನ ಹೊಟ್ಟೇಲೇ ಇರ್ಲಿ. ಮಲೆಕೊಗೂ ಬೇಡ."

ಮದುವೆಯಾಗಿ ಏಳು ವರ್ಷದಲ್ಲಿ ನೀವು ನನ್ನನ್ನು ಮಗಳೇ ಎಂದದ್ದು ಅದೇ ಮೊದಲು. ನಾನು ಆಯಿತು ಎಂದೆ. ನಿಮ್ಮ ಪಕ್ಕದಿಂದ ಚಾಪೆ ತೆಗೆದುಕೊಂಡು ತೊಳೆದೆ. ನೀವು ಅತ್ತಿರಿ. ನನಗೆ ಕರುಣೆ ಬರಬೇಕಿತ್ತು. ಬರಲಿಲ್ಲ ಅತ್ತೆ. ನಿಮ್ಮ ಜುಟ್ಟು ಕೈಗೆ ಸಿಕ್ಕಿತು ಎಂದು ಅನ್ನಿಸಿತು.

ಮಕ್ಕಳ ಹಬ್ಬಕ್ಕೆ, ಬಿಳಿ ಭಾನುವಾರಕ್ಕೆ, ಮೂರು ವಾರವಿತ್ತು. ಲೂಪೆ ಇಗರ್ಜಿಯಲ್ಲಿ ಮೊದಲ ಸಲ ಬಾಯಿಪಾಠ ಒಪ್ಪಿಸುವ ವರ್ಷ. ನೀವು ಅವಳಿಗೆ ದಿನಾ ಸಂಜೆ ವಚನ ಹೇಳಿಕೊಟ್ಟಿರಿ, ಅಕ್ಷರಕ್ಕೊಮ್ಮೆ ಬೀಸಣಿಗೆಯಿಂದ ನೆಲ ತಟ್ಟುತ್ತ. ನಾನು ಬೆಳಗ್ಗೆ ಅವಳ ಕೂದಲಿಗೆ ತೆಂಗಿನೆಣ್ಣೆ ಹಚ್ಚುವಾಗ ಇನ್ನೊಂದು ಸಾಲು ಹೇಳಿಕೊಟ್ಟೆ. ಇದು ನಮ್ಮಿಬ್ಬರ ಗುಟ್ಟು, ವಚನ ಮುಗಿದ ಮೇಲೆ ಹೇಳು, ಆಮೇಲೆ ನಿನ್ನನ್ನು ಯಾರೂ ಉಚ್ಚೆಲೂಪೆ ಅನ್ನಲ್ಲ ಎಂದೆ. ಅವಳಿಗೆ ಖುಷಿಯಾಯಿತು. ಹುಟ್ಟಿದ ಮೇಲೆ ನನ್ನ ಜೊತೆ ಅವಳಿಗಿದ್ದ ಮೊದಲ ಗುಟ್ಟು ಅದು. ಎಣ್ಣೆ ಹಚ್ಚಿಸಿಕೊಳ್ಳಲು ತಾನೇ ಓಡಿ ಬರತೊಡಗಿದಳು.

ಆ ಭಾನುವಾರ ನೀವು ಹೊಲಿದ ಬಿಳಿ ಲಂಗದಲ್ಲಿ ಅವಳು ವೇದಿಕೆಯ ಮೇಲೆ ನಿಂತಳು. ವಚನವನ್ನು ಒಂದು ಅಕ್ಷರ ತಪ್ಪದೆ ಹೇಳಿದಳು. ನಿಮ್ಮ ತುಟಿಯೂ ಅವಳ ಜೊತೆ ಆಡುತ್ತಿತ್ತು. ಮುಗಿಯಿತು ಎಂದು ನೀವು ಉಸಿರು ಬಿಟ್ಟಿರಿ. ಅವಳು ಇಳಿಯಲಿಲ್ಲ.

"ನಮ್ಮನೇಲಿ ಹಾಸಿಗೆ ಒದ್ದೆ ಮಾಡೋದು ನಾನಲ್ಲ, ಅಮ್ಮನೇ."

ಲೂಪೆಯ ಬಾಯಲ್ಲಿ ಅಮ್ಮ ಎಂದರೆ ಯಾರೆಂದು ಇಗರ್ಜಿಗೆಲ್ಲ ಗೊತ್ತು. ನಗು ಹಿಂದಿನ ಸಾಲಿನಿಂದ ಎದ್ದು ಮುಂದೆ ಬಂತು. ಪಾದ್ರಿಗಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಮಲೆಕೊ ಕೂಡ ನಕ್ಕ, ಏನೂ ತಿಳಿಯದೆ. ಲೂಪೆಗೆ ಎಲ್ಲರೂ ನಗುತ್ತಿರುವುದು ಕಂಡು ಹುರುಪು ಬಂತು, ಇನ್ನೊಂದು ಮಾತು ಸೇರಿಸಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ವೇದಿಕೆಯ ಬುಡದಲ್ಲಿ ಅವಳನ್ನು ಇಳಿಸಿಕೊಳ್ಳಲು ನಿಂತಿದ್ದ ನನಗೆ ಮಾತ್ರ ಕೇಳಿಸಿತು. "ಆದ್ರೂ ನಾನು ಅಮ್ಮನ ಹತ್ರಾನೇ ಮಲಗ್ತೀನಿ. ಬೆಚ್ಚಗಿರತ್ತೆ."

ಇದನ್ನು ನಿಮಗೆ ಅಂದೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದ್ದರೆ ಮಗು ನಿಮ್ಮದಾಗಿಯೇ ಉಳಿಯುತ್ತಿತ್ತು.

ನೀವು ನಕ್ಕಿರಿ. ಹ್ಯಾಟು ಸರಿಮಾಡಿಕೊಂಡು, ಪಕ್ಕದವಳ ಭುಜ ತಟ್ಟಿ ನಕ್ಕಿರಿ. ಆಮೇಲೆ ನನ್ನ ಕಡೆ ನೋಡಿದಿರಿ, ಒಂದೇ ಸಲ. ಮನೆಗೆ ಬಂದು ಆ ದಿನದ ಪದ್ಧತಿಯಂತೆ ಮಕ್ಕಳಿಗೆ ಮೊದಲು ಬಡಿಸಿದಿರಿ. ತೆಂಗಿನ ಹಾಲಲ್ಲಿ ಬೆಂದ ಕೆಸುವಿನ ಎಲೆಯನ್ನು ಲೂಪೆಯ ಬಾಯಿಗೆ ನಿಮ್ಮ ಕೈಯಾರೆ ಇಟ್ಟಿರಿ. ಸಂಜೆ ಅವಳು ದಿಂಬು ಹಿಡಿದು ಬಂದಾಗ ಚಾಪೆ ಸುತ್ತಿಟ್ಟು, "ಹೋಗು, ನಿನ್ನ ತಾಯಿ ಹತ್ರ ಮಲಗು" ಎಂದಿರಿ. ಅವಳು ಬಾಗಿಲಲ್ಲಿ ನಿಂತು, ನಾನು ತಪ್ಪು ಹೇಳಿದ್ನಾ ಎಂದು ಕೇಳಿದಳು. ಇಲ್ಲ, ಸರಿಯಾಗೇ ಹೇಳಿದೆ ಎಂದಿರಿ.

ಹಾಗೆ ನನ್ನ ಮಗಳು ನನಗೆ ಸಿಕ್ಕಳು. ಒಂದು ವಾರ ಗೋಡೆಯ ಕಡೆ ತಿರುಗಿ ಅತ್ತಳು, ಆಮೇಲೆ ಅಭ್ಯಾಸವಾಯಿತು.

ಆ ಭಾನುವಾರದಿಂದ ಮಧ್ಯಾಹ್ನದ ಮೇಲೆ ನೀವು ನೀರು ಮುಟ್ಟುವುದನ್ನು ಬಿಟ್ಟಿರಿ. ಸಂಜೆಯ ಕೋಕೋ ಲೋಟ ತುಂಬಿದ್ದು ತುಂಬಿದ ಹಾಗೇ ಇರುತ್ತಿತ್ತು. ಆಮೇಲೆ ಬೆಳಗ್ಗೆಯೂ ಕಡಿಮೆಯಾಯಿತು. ನಿಮ್ಮ ತುಟಿ ಬಿರಿದಿತ್ತು. ನಮ್ಮ ದ್ವೀಪದ ಡಿಸೆಂಬರಿನ ಸೆಕೆಯಲ್ಲಿ ನೀವು ನೆರಳಲ್ಲಿ ಕೂತು ಬೀಸಿಕೊಳ್ಳುತ್ತಿದ್ದಿರಿ, ಎಳನೀರು ಕೊಟ್ಟರೆ ಮಕ್ಕಳಿಗೆ ಕೊಡು ಎನ್ನುತ್ತಿದ್ದಿರಿ. ಯಾಕೆಂದು ನನಗೆ ಗೊತ್ತಿತ್ತು. ಇಡೀ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ತುಂಬಿದ ಲೋಟಗಳನ್ನು ದಿನಾ ಹಿತ್ತಲಿಗೆ ಚೆಲ್ಲಿದವಳು ನಾನು. ಕುಡಿಯಿರಿ ಅತ್ತೆ, ಚಾಪೆ ನಾನು ತೊಳೀತೀನಿ ಎಂದು ಒಂದು ಮಾತು ಸಾಕಿತ್ತು. ನಾಳೆ ಹೇಳೋಣ ಎಂದುಕೊಂಡೆ. ಹೊಸ ವರ್ಷ ಕಳೆದು ಎರಡನೆಯ ವಾರ ನೀವು ಬಿದ್ದಿರಿ. ಮೈ ಒಣಗಿಹೋಗಿದೆ, ಮೂತ್ರಪಿಂಡ ನಿಂತಿದೆ ಎಂದರು ವೈದ್ಯರು. ನಾಲ್ಕು ದಿನ.

ನಿಮ್ಮ ಅಂತ್ಯಕ್ರಿಯೆಯಲ್ಲಿ ಜನ ನಿಮ್ಮ ಒಳ್ಳೆಯದನ್ನೆಲ್ಲ ಹೇಳಿ ಅತ್ತರು. ಆಮೇಲೆ ನಿಮ್ಮ ಮಗಳು ಸೂಸಾ ಕಣ್ಣೊರೆಸಿಕೊಂಡು ಲೂಪೆಯ ಮಾತನ್ನು ಹೇಳಿದಳು, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಪ್ರೀತಿಯಿಂದಲೇ ನಕ್ಕರು. ಈಗ ಪ್ರತಿ ಬಿಳಿ ಭಾನುವಾರ ಯಾರಾದರೂ ಅದನ್ನು ಹೇಳುತ್ತಾರೆ. ಲೂಪೆಗೆ ಆ ದಿನದ ನೆನಪೇ ಇಲ್ಲ, ಆದರೂ ಹೇಳು ಹೇಳು ಎಂದು ಕೇಳಿಸಿಕೊಂಡು ಹೆಮ್ಮೆಪಡುತ್ತಿದ್ದಳು.

ಈಗವಳಿಗೆ ಹತ್ತು ವರ್ಷ. ಹೋದ ವಾರ ಸೂಸಾಳ ಮಗಳ ಜೊತೆ ಜಗಳವಾಡಿ ಬಂದಳು. ಊಟ ಮಾಡಲಿಲ್ಲ. ನಾನು ಬಟ್ಟೆ ಮಡಿಸುತ್ತಿದ್ದೆ, ಎದುರು ಬಂದು ನಿಂತಳು.

"ವಾಯೊಲಾ, ಅಮ್ಮ ನೀರು ಬಿಟ್ಟು ಸತ್ತಿದ್ದು ನನ್ನ ಮಾತಿಂದ ಅಂತೆ. ನಾಚಿಕೆಗೆ ಅಂತೆ. ಅದನ್ನ ನಾನೇ ಹೇಳಿದ್ನಾ? ಯಾರಾದ್ರೂ ಹೇಳಿಕೊಟ್ರಾ?"

ನನ್ನ ಕೈಯಲ್ಲಿ ಅವಳದೇ ಅಂಗಿಯಿತ್ತು. ಅದನ್ನು ಮಡಿಸಿ ಮುಗಿಸಿದೆ.

"ನೀನೇ ಹೇಳಿದ್ದು. ಮಕ್ಕಳು ಏನೇನೋ ಹೇಳ್ತಾವೆ, ಬಿಡು."

ಅವಳು ತಲೆಯಾಡಿಸಿ ಹೋದಳು. ಅಂದಿನಿಂದ ಮಾತು ಬಹಳ ಕಡಿಮೆ ಮಾಡಿದ್ದಾಳೆ. ಏನಾದರೂ ಹೇಳುವ ಮುಂಚೆ ಒಂದು ಸಲ ಎಲ್ಲರ ಮುಖ ನೋಡುತ್ತಾಳೆ. ಶಾಲೆಯ ಮೇಷ್ಟರು, ಹುಡುಗಿ ಗಂಭೀರವಾಗಿದ್ದಾಳೆ, ಒಳ್ಳೆಯದು ಎಂದರು.

ನಾಳೆ ಅವಳಿಗೆ ನಿಜ ಹೇಳಿಬಿಡುತ್ತೇನೆ ಎಂದು ಬರೆಯಲೆಂದೇ ಈ ಕಾಗದಕ್ಕೆ ಕೂತೆ. ಅಷ್ಟು ಬರೆಯಲು ಆಗುತ್ತಿಲ್ಲ. ಹೇಳಿದರೆ ಅವಳು ಹೋಗಿಬಿಡುತ್ತಾಳೆ, ಸೂಸಾಳ ಮನೆಗೋ, ಇನ್ನೆಲ್ಲಿಗೋ. ಒದ್ದೆ ಚಾಪೆಯನ್ನು ಅವಳ ತಲೆಗೆ ಕಟ್ಟಿ ಆಮೇಲೆ ಮಡಿಲಿಗೆ ಎಳೆದುಕೊಳ್ಳುತ್ತಿದ್ದವರು ನೀವು. ನಾನೂ ಅದನ್ನೇ ಮಾಡುತ್ತಿದ್ದೇನೆ. ನಿಮಗಿಂತ ಚೆನ್ನಾಗಿ ಇದು ಯಾರಿಗೆ ಅರ್ಥವಾಗುತ್ತದೆ?

ಮಲೆಕೊ ಒಳಗೆ ಬರುತ್ತಿದ್ದಾನೆ. ಇದನ್ನು ಒಲೆಗೆ ಹಾಕುತ್ತೇನೆ. ಎಲ್ಲಿದ್ದೀರೋ ಅಲ್ಲಿಂದ ನಿಮ್ಮ ಮೊಮ್ಮಗಳ ತಲೆಯ ಮೇಲೆ ಕೈ ಇಡಿ. ನನ್ನನ್ನು ಹರಸಬೇಡಿ.

ನಿಮ್ಮ ಸೊಸೆ,
ವಾಯೊಲಾ