ಎಣ್ಣೆ ತಲೆ

ಕ್ಯಾಸಂಬಳ್ಳಿ
ಗುರುವಾರ

ಡಾಕ್ಟರ್ ವಿನೋದಿನಿ ಮೇಡಂ ಅವರಿಗೆ ಕಲ್ಪನಳ ನಮಸ್ಕಾರ.

ತಲೆಗೆ ಸಣ್ಣ ಕರೆಂಟ್ ಕೊಟ್ಟರೆ ಕಲಿಕೆ ಚುರುಕಾಗುತ್ತದೆಯೇ ಎಂಬ ನಿಮ್ಮ ಪ್ರಯೋಗದಲ್ಲಿ ನಾನೇ ಫಸ್ಟ್ ಎಂದು ಎಲ್ಲರೆದುರು ಚಪ್ಪಾಳೆ ತಟ್ಟಿಸಿದಿರಿ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ತಲೆಗೆ ಎಣ್ಣೆ ಹಚ್ಚದೆ ಬನ್ನಿ ಎಂದಿದ್ದಿರಿ. ನಮ್ಮತ್ತೆ ಬಿಡಲಿಲ್ಲ. "ಒಣ ತಲೇಲಿ ಒಸ್ಲು ದಾಟ್ತಾರಾ? ಸಾವಿನ ಮನೇಗೇನಮ್ಮಾ ಓಗ್ತಾ ಇರೋದು?" ಎಂದು ದಿನವೂ ಎಣ್ಣೆ ತಟ್ಟಿಯೇ ಕಳಿಸಿದರು. ಒದ್ದೆ ಸ್ಪಂಜಿನ ಪಟ್ಟಿ ಕಟ್ಟಿ, ಜುಮ್ಮೆನ್ನುತ್ತಾ ಎಂದು ನೀವು ಕೇಳಿದಿರಿ. ಎಣ್ಣೆ ದಾಟಿ ಕರೆಂಟ್ ಒಳಗೆ ಇಳಿಯಲೇ ಇಲ್ಲವೇನೋ, ಏನೂ ಅನ್ನಿಸಲಿಲ್ಲ. ವಾಪಸ್ ಕಳಿಸಿಬಿಡುತ್ತೀರೆಂಬ ಭಯಕ್ಕೆ ಹೂಂ ಅಂದೆ.

ಅಷ್ಟೇ ಅಲ್ಲ. ಅಲ್ಲಿ ಕಲಿಸಿದ, ಯಾವುದೋ ದೇಶದ ಭಾಷೆಯ ಆ ನಲವತ್ತು ಪದಗಳನ್ನು ಮನೆಗೆ ಒಯ್ಯಬಾರದಿತ್ತು. ಕದ್ದು ಫೋಟೊ ತೆಗೆದುಕೊಂಡು, ಬಂಗಾರಪೇಟೆ ರೈಲಿನಲ್ಲಿ ದಿನಾ ಬಾಯಿಪಾಠ ಮಾಡಿದೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾದವಳು ನಾನು. ಒಮ್ಮೆಯಾದರೂ ಪಾಸಾಗಬೇಕೆನ್ನಿಸಿತು.

ದಯವಿಟ್ಟು ನನ್ನ ಅಂಕವನ್ನು ನಿಮ್ಮ ವರದಿಯಿಂದ ತೆಗೆದುಬಿಡಿ. ಅದನ್ನು ನಂಬಿ ಇನ್ನೊಬ್ಬರ ತಲೆಗೆ ಪಟ್ಟಿ ಕಟ್ಟಬೇಡಿ. ಫಸ್ಟ್ ಬಂದಿದ್ದಕ್ಕೆ ನೀವು ಕೊಟ್ಟ ಸರ್ಟಿಫಿಕೇಟನ್ನೂ ಇದರ ಜೊತೆ ಇಟ್ಟಿದ್ದೇನೆ.

ಪದಗಳನ್ನು ಮಾತ್ರ ಹಿಂದಕ್ಕೆ ಕೊಡಲಾಗುತ್ತಿಲ್ಲ ಮೇಡಂ. ನಲವತ್ತೂ ಇನ್ನೂ ಬಾಯಿಗೆ ಬರುತ್ತವೆ.

ಮುಖ ತೋರಿಸಲಾಗದ,
ಕಲ್ಪನ